ಮಂಡಿ ಸವೆದ ಡಿಫೆಂಡರ್: ಪಾಲ್ ಮೆಕ್‌ಗ್ರಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್ಬಾಲ್ ಮಾತು ಬಂದಾಗಲೆಲ್ಲ ನಾನು ಈ ಮನುಷ್ಯನ ಹೆಸರು ಎತ್ತದೆ ಬಿಡುವುದಿಲ್ಲ. ಎದುರಿಗೆ ಕೂತವರು ತಿರುಗಿ ಕೇಳುವುದೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಒಂದೆಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

ಮೊದಲ ಪರಿಚಯ

ಯಾರ್ರೀ ಇವರು? ಆ ಕ್ರಿಕೆಟ್ ಬೌಲರ್‌ಗೆ ಏನಾದ್ರೂ ಸಂಬಂಧವಾ?

ಸಂಬಂಧ ಏನೂ ಇಲ್ಲ. ಗ್ಲೆನ್ ಮೆಕ್‌ಗ್ರಾ ಆಸ್ಟ್ರೇಲಿಯಾದವರು. ಪಾಲ್ ಮೆಕ್‌ಗ್ರಾ 1980 ಮತ್ತು 90ರ ದಶಕಗಳಲ್ಲಿ ಐರ್ಲೆಂಡ್ ಗಣರಾಜ್ಯದ ಪರ 83 ಪಂದ್ಯ ಆಡಿ 8 ಗೋಲು ಹೊಡೆದ ಸೆಂಟ್ರಲ್ ಡಿಫೆಂಡರ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ದಾಳಿ ತಡೆಯುವವರು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಏಳು ವರ್ಷ, ಆಸ್ಟನ್ ವಿಲ್ಲಾದಲ್ಲಿ ಮತ್ತೆ ಏಳು ವರ್ಷ ಇದ್ದರು. ಐರ್ಲೆಂಡ್ ಕಂಡ ಅತ್ಯುತ್ತಮ ಆಟಗಾರ ಯಾರು ಎಂದು ಡಬ್ಲಿನ್‌ನಲ್ಲಿ ಕೇಳಿದರೆ ಜಗಳ ಶುರುವಾಗುತ್ತದೆ. ಆ ಜಗಳದಲ್ಲಿ ಇವರ ಹೆಸರು ಬರದೇ ಇರುವುದಿಲ್ಲ.

ಹೆಸರನ್ನ ‘ಗ್ರಾತ್’ ಅನ್ನಬೇಕಾ, ‘ಗ್ರಾ’ ಅನ್ನಬೇಕಾ?

ಇಂಗ್ಲೆಂಡಿನ ಕಾಮೆಂಟೇಟರ್‌ಗಳು ಕೊನೆಯ ‘ತ್’ ಹಚ್ಚಿ ಹೇಳುತ್ತಿದ್ದದ್ದು ಉಂಟು. ಐರಿಷ್ ಜನ ಹೇಳುವುದು ‘ಮೆಗ್ರಾ’. ಅನುಮಾನವಿದ್ದರೆ ಗ್ಯಾಲರಿಯ ಹಾಡನ್ನೇ ಕೇಳಿ. ‘ಊ, ಆ, ಪಾಲ್ ಮೆಗ್ರಾ’ ಎಂದು ಸಾವಿರಾರು ಜನ ಒಕ್ಕೊರಲಿನಿಂದ ಕೂಗುತ್ತಿದ್ದರು. ‘ಆ’ಗೆ ಪ್ರಾಸ ಕೂಡಬೇಕಾದರೆ ‘ಗ್ರಾ’ ಎಂದೇ ನಿಲ್ಲಿಸಬೇಕು.

ಹುಟ್ಟಿದ್ದು ಲಂಡನ್‌ನಲ್ಲಿ, ತಂದೆ ನೈಜೀರಿಯಾದವರು. ಹಾಗಾದ್ರೆ ಐರಿಷ್ ಹೇಗೆ?

1959ರ ಡಿಸೆಂಬರ್ 4ರಂದು ಹುಟ್ಟಿದ್ದು ಪಶ್ಚಿಮ ಲಂಡನ್‌ನಲ್ಲಿ, ನಿಜ. ಆದರೆ ಅದು ಬಚ್ಚಿಟ್ಟ ಹುಟ್ಟು. ತಾಯಿ ಡಬ್ಲಿನ್‌ನವರು, ಮದುವೆಯಾಗಿರಲಿಲ್ಲ, ಮಗುವಿನ ತಂದೆ ಕಪ್ಪುವರ್ಣದ ವ್ಯಕ್ತಿ. ಅಂದಿನ ಐರ್ಲೆಂಡಿನ ಕ್ಯಾಥೊಲಿಕ್ ಮನೆಯೊಂದರಲ್ಲಿ ಈ ಸುದ್ದಿ ತಿಳಿದರೆ ಏನಾದೀತೆಂದು ಹೆದರಿ ಅವರು ಸಮುದ್ರ ದಾಟಿ ಹೋಗಿ ಹೆತ್ತರು. ಕೆಲವೇ ವಾರಗಳ ಕೂಸನ್ನು ಸಾಕುಮನೆಗೆ ಒಪ್ಪಿಸಬೇಕಾಯಿತು. ಐದು ವರ್ಷಕ್ಕೆ ಸಾಕುಮನೆಯೂ ತಪ್ಪಿ ಅನಾಥಾಲಯ ಸೇರಿದರು. ಬಾಲ್ಯವೆಲ್ಲ ಡಬ್ಲಿನ್ ಸುತ್ತಲಿನ ಅಂಥ ಮನೆಗಳಲ್ಲೇ ಕಳೆಯಿತು. ತಾಯಿ ಸಂಪರ್ಕ ಕಡಿದುಕೊಂಡವರಲ್ಲ, ಬಂದು ನೋಡುತ್ತಿದ್ದರು.

ನಿಯಮದ ಪ್ರಕಾರ ತಾಯಿಯ ಮೂಲಕವೇ ಅರ್ಹತೆ ಸಿಗುತ್ತದೆ. ಅಂದಿನ ಐರಿಷ್ ತಂಡದಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ರೇ ಹೌಟನ್, ಲಿವರ್‌ಪೂಲ್‌ನ ಜಾನ್ ಆಲ್ಡ್ರಿಜ್ ಹೀಗೆ ಹೊರಗೆ ಹುಟ್ಟಿ ಬೆಳೆದವರು ಬಹಳ ಇದ್ದರು. ಅವರಿಗೆ ಹೋಲಿಸಿದರೆ ಮೆಕ್‌ಗ್ರಾ ಅಪ್ಪಟ ಡಬ್ಲಿನ್‌ನವರು. ಆದರೂ ‘ನೀನು ಎಲ್ಲಿಯವನು’ ಎಂಬ ಪ್ರಶ್ನೆಯನ್ನು ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡಿರಬಹುದಾದವರು ಇವರೇ. ಚರ್ಮದ ಬಣ್ಣ ಹಿಡಿದು ಹಂಗಿಸುವುದು ಅನಾಥಾಲಯದ ದಿನಗಳಿಂದಲೇ ಬೆನ್ನಿಗಿತ್ತು. ಐರಿಷ್ ತಂಡದ ಮೊದಲ ಕಪ್ಪುವರ್ಣೀಯ ಆಟಗಾರ ಇವರಲ್ಲ. 1979ರಲ್ಲೇ ಆ ಅಂಗಿ ತೊಟ್ಟ ಕ್ರಿಸ್ ಹ್ಯೂಟನ್ ಮೊದಲಿಗರು.

ಐರ್ಲೆಂಡ್ ಅಂದ್ರೆ ಒಂದೇ ತಂಡ ಅಲ್ವಾ?

ರಗ್ಬಿ, ಕ್ರಿಕೆಟ್‌ಗಳಲ್ಲಿ ಒಂದೇ. ಫುಟ್ಬಾಲ್‌ನಲ್ಲಿ ಎರಡು: ಡಬ್ಲಿನ್ ಕೇಂದ್ರವಾದ ಐರ್ಲೆಂಡ್ ಗಣರಾಜ್ಯ, ಬೆಲ್‌ಫಾಸ್ಟ್ ಕೇಂದ್ರವಾದ ಉತ್ತರ ಐರ್ಲೆಂಡ್. ಇಲ್ಲಿ ಐರ್ಲೆಂಡ್ ಎಂದಾಗಲೆಲ್ಲ ಗಣರಾಜ್ಯ ಎಂದೇ ಓದಿಕೊಳ್ಳಿ.

ಕ್ಲಬ್‌ಗಳ ಕಾಲ

21 ದಾಟಿದ ಮೇಲೆ ದೊಡ್ಡ ಕ್ಲಬ್ ಸೇರಿದ್ದು ತಡ ಆಗಲಿಲ್ವಾ?

ಆಯಿತು. ಇಂದಿನ ಹುಡುಗರು ಎಂಟನೇ ವಯಸ್ಸಿಗೇ ಅಕಾಡೆಮಿ ಸೇರುತ್ತಾರೆ. ಮೆಕ್‌ಗ್ರಾ ಬೆಳೆದದ್ದು ಪಿಯರ್ಸ್ ರೋವರ್ಸ್, ಡಾಲ್ಕಿ ಯುನೈಟೆಡ್‌ನಂಥ ಊರಿನ ತಂಡಗಳಲ್ಲಿ. ಹರೆಯದ ಕೊನೆಗೆ ಮನಸ್ಸು ತೀವ್ರವಾಗಿ ಕುಸಿದು ಬಹುಕಾಲ ಆಸ್ಪತ್ರೆಯಲ್ಲಿ ಇರಬೇಕಾಯಿತು. ಹೊರಬಂದ ಮೇಲೆ ತಗಡಿನ ಕೆಲಸ ಕಲಿತರು, ಸೆಕ್ಯುರಿಟಿ ಗಾರ್ಡ್ ಆಗಿಯೂ ದುಡಿದರು. 1981ರಲ್ಲಿ ಡಬ್ಲಿನ್‌ನ ಇಂಚಿಕೋರ್ ಬಡಾವಣೆಯ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ಸೇರಿದರು. ಒಂದೇ ಸೀಸನ್ ಸಾಕಾಯಿತು. ಐರಿಷ್ ಲೀಗ್‌ನ ಆಟಗಾರರೇ ಮತ ಹಾಕಿ ವರ್ಷದ ಆಟಗಾರ ಎಂದು ಆರಿಸಿದರು, ಜನ ‘ಇಂಚಿಕೋರಿನ ಕಪ್ಪು ಮುತ್ತು’ ಎಂದು ಕರೆದರು. ಆ ಕಾಲದ ಬಾಯಿಗೆ ಅದು ಹೊಗಳಿಕೆ. ಇವತ್ತು ಓದಿದಾಗ ಸ್ವಲ್ಪ ಇರಿಸುಮುರಿಸಾಗುತ್ತದೆ.

1982ರ ಏಪ್ರಿಲ್ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ 30,000 ಪೌಂಡ್ ಕೊಟ್ಟು ಕರೆದೊಯ್ದಿತು. ಮ್ಯಾನೇಜರ್ ರಾನ್ ಅಟ್ಕಿನ್ಸನ್. ಆ ಕಾಲಕ್ಕೂ ಅದು ಪುಡಿಗಾಸು.

ಯುನೈಟೆಡ್‌ನಲ್ಲಿ ಗೆದ್ದಿದ್ದಾದ್ರೂ ಏನು?

1985ರ ಎಫ್‌ಎ ಕಪ್, ಸೋತವರು ಹೊರಬೀಳುವ ಇಂಗ್ಲೆಂಡಿನ ಹಳೆಯ ಪಂದ್ಯಾವಳಿ. ಒಂದೇ ಕಪ್ ಆದರೂ ಆ ಫೈನಲ್ ಒಂದು ಕಥೆಗೆ ಸಾಕಾಗುವಷ್ಟಿದೆ. ಎದುರಾಳಿ ಎವರ್ಟನ್ ಆ ವರ್ಷದ ಲೀಗ್ ಚಾಂಪಿಯನ್. ಮೂರು ದಿನ ಹಿಂದಷ್ಟೇ ಯುರೋಪಿನ ಕಪ್ ವಿನ್ನರ್ಸ್ ಕಪ್ ಕೂಡ ಎತ್ತಿ ಬಂದಿತ್ತು. ಎರಡನೇ ಅರ್ಧದಲ್ಲಿ ಪೀಟರ್ ರೀಡ್‌ರನ್ನು ಬೀಳಿಸಿದ್ದಕ್ಕೆ ಯುನೈಟೆಡ್‌ನ ಕೆವಿನ್ ಮೊರಾನ್‌ಗೆ ಕೆಂಪು ಕಾರ್ಡ್. ಎಫ್‌ಎ ಕಪ್ ಫೈನಲ್‌ನಲ್ಲಿ ಹಾಗೆ ಹೊರಗೆ ಹೋದ ಮೊದಲಿಗ ಅವರೇ. ಮೊರಾನ್ ಕೂಡ ಡಬ್ಲಿನ್‌ನವರು, ಮೆಕ್‌ಗ್ರಾ ಪಕ್ಕದಲ್ಲಿ ನಿಲ್ಲುತ್ತಿದ್ದ ಜೊತೆಗಾರ. (ಫುಟ್ಬಾಲ್‌ಗೆ ಬರುವ ಮೊದಲು ಅವರು ಡಬ್ಲಿನ್ ಪರ ಗೇಲಿಕ್ ಫುಟ್ಬಾಲ್‌ನ ಆಲ್ ಐರ್ಲೆಂಡ್ ಪದಕ ಗೆದ್ದವರು. ಅದು ಬೇರೆಯೇ ಆಟ, ಕೈಯಲ್ಲೂ ಚೆಂಡು ಹಿಡಿಯಬಹುದು.) ಮೊರಾನ್ ಜಾಗ ತುಂಬಲು ಹಿಂದೆ ಬಂದದ್ದು ಫ್ರಾಂಕ್ ಸ್ಟೇಪಲ್ಟನ್, ಗೋಲು ಹೊಡೆಯುವುದು ಕಸುಬಾಗಿದ್ದ ಇನ್ನೊಬ್ಬ ಡಬ್ಲಿನ್ ಹುಡುಗ. ಹತ್ತೇ ಜನರಿಂದ ಹೆಚ್ಚುವರಿ ಸಮಯದವರೆಗೂ ಎಳೆದು, 110ನೇ ನಿಮಿಷದಲ್ಲಿ ನಾರ್ಮನ್ ವೈಟ್‌ಸೈಡ್ ಬಾರಿಸಿದ ಗೋಲಿನಿಂದ 1-0 ಗೆದ್ದರು. ನೆನಪಿನಲ್ಲಿ ಉಳಿದದ್ದು ಆ ಗೋಲು. ಅಲ್ಲಿಯ ತನಕ ಪಂದ್ಯ ಜೀವ ಹಿಡಿದುಕೊಂಡಿದ್ದು ಮೆಕ್‌ಗ್ರಾ ದೆಸೆಯಿಂದ.

ಯುನೈಟೆಡ್ ಪರ ಲೀಗ್‌ನಲ್ಲಿ ಅವರು ಆಡಿದ್ದು 163 ಪಂದ್ಯ, ಹೊಡೆದದ್ದು 12 ಗೋಲು.

ಅಷ್ಟು ಒಳ್ಳೆ ಆಟಗಾರನನ್ನ ಅಲೆಕ್ಸ್ ಫರ್ಗುಸನ್ ಯಾಕೆ ಕಳಿಸಿಬಿಟ್ರು?

ಕುಡಿತ ಮತ್ತು ಮಂಡಿ, ಇಷ್ಟೇ ಉತ್ತರ. 1986ರ ನವೆಂಬರ್‌ನಲ್ಲಿ ಮ್ಯಾನೇಜರ್ ಆಗಿ ಬಂದ ಫರ್ಗುಸನ್‌ಗೆ ಶಿಸ್ತು ಬೇಕಿತ್ತು. ಮೆಕ್‌ಗ್ರಾ ಮತ್ತು ವೈಟ್‌ಸೈಡ್ ಕುಡಿಯುವ ಗೆಳೆಯರು, ಇಬ್ಬರೂ ಗಾಯಾಳುಗಳು. ಕ್ಲಬ್ ಒಂದು ಲಕ್ಷ ಪೌಂಡ್ ಕೊಡುತ್ತೇನೆ, ಆಟ ಬಿಟ್ಟುಬಿಡು ಎಂದು ಮೆಕ್‌ಗ್ರಾ ಮುಂದೆ ಪ್ರಸ್ತಾಪ ಇಟ್ಟಿತು. 29ರ ವಯಸ್ಸು. ಅವರು ಒಲ್ಲೆ ಎಂದರು. 1989ರ ಬೇಸಿಗೆಯಲ್ಲಿ ಇಬ್ಬರೂ ಮಾರಾಟವಾದರು. ವೈಟ್‌ಸೈಡ್ ಎವರ್ಟನ್‌ಗೆ ಹೋದರು, ಮೆಕ್‌ಗ್ರಾ 4 ಲಕ್ಷ ಪೌಂಡ್‌ಗೆ ಆಸ್ಟನ್ ವಿಲ್ಲಾಕ್ಕೆ.

ಫರ್ಗುಸನ್ ತಪ್ಪು ಮಾಡಿದರೇ? ಮುಂದೆ ಅವರು ಕಟ್ಟಿದ ತಂಡವನ್ನು ನೋಡಿದರೆ ಹಾಗೆನ್ನುವುದು ಕಷ್ಟ. ಆದರೆ ಒಂದು ತಮಾಷೆ ನೋಡಿ. ಅದೇ ಆಗಸ್ಟ್‌ನಲ್ಲಿ ಯುನೈಟೆಡ್ 23 ಲಕ್ಷ ಪೌಂಡ್ ಸುರಿದು ಗ್ಯಾರಿ ಪ್ಯಾಲಿಸ್ಟರ್ ಎಂಬ ಡಿಫೆಂಡರನ್ನು ತಂದಿತು. 1992ರಲ್ಲಿ ಇಂಗ್ಲೆಂಡಿನ ಆಟಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ಪ್ಯಾಲಿಸ್ಟರ್‌ಗೆ ಬಂತು. ಮರುವರ್ಷ, 1993ರಲ್ಲಿ, ಯಾರಿಗೆ ಬಂತು ಅಂದುಕೊಂಡಿರಿ?

ಆ ಪ್ರಶಸ್ತಿ ನಿಜಕ್ಕೂ ಅಷ್ಟು ದೊಡ್ಡದಾ?

ಮತ ಹಾಕುವವರು ಎದುರು ನಿಂತು ಆಡಿದ ಆಟಗಾರರೇ. ಅದಕ್ಕೇ ದೊಡ್ಡದು. 1974ರಲ್ಲಿ ಶುರುವಾದಾಗ ಮೊದಲ ಎರಡು ಸಲ ಡಿಫೆಂಡರ್‌ಗಳಿಗೇ ಸಿಕ್ಕಿತ್ತು: ನಾರ್ಮನ್ ಹಂಟರ್, ಆಮೇಲೆ ಕಾಲಿನ್ ಟಾಡ್. ಅಲ್ಲಿಂದ ಪ್ಯಾಲಿಸ್ಟರ್‌ವರೆಗೆ ಬರ. ಮೆಕ್‌ಗ್ರಾ ನಂತರ ಜಾನ್ ಟೆರಿಗಾಗಿ 2005ರ ತನಕ ಕಾಯಬೇಕಾಯಿತು, ವರ್ಜಿಲ್ ವ್ಯಾನ್ ಡೈಕ್‌ಗಾಗಿ 2019ರ ತನಕ. 33 ವಯಸ್ಸಿನ, ಸರಿಯಾಗಿ ಓಡಲಾಗದ ಮನುಷ್ಯನಿಗೆ ಇದು ಸಿಕ್ಕಿದ್ದು ಪ್ರೀಮಿಯರ್ ಲೀಗ್‌ನ ಮೊಟ್ಟಮೊದಲ ಸೀಸನ್‌ನಲ್ಲಿ. ಆ ವರ್ಷ ವಿಲ್ಲಾ ಎರಡನೇ ಸ್ಥಾನ ಪಡೆಯಿತು. ಮೊದಲನೆಯದು ಯುನೈಟೆಡ್ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ವಿಲ್ಲಾದಲ್ಲಿ ಪ್ರಾಕ್ಟೀಸೇ ಮಾಡ್ತಿರಲಿಲ್ಲವಂತೆ, ಸುಳ್ಳು ತಾನೇ?

ಸುಳ್ಳಲ್ಲ. ಮಂಡಿಗಳಿಗೆ ಎಂಟು ಶಸ್ತ್ರಚಿಕಿತ್ಸೆ ಆಗಿದ್ದವು. ಮೃದ್ವಸ್ಥಿ ಸವೆದು ಹೋಗಿತ್ತು. ವಾರಪೂರ್ತಿ ತಂಡದ ಜೊತೆ ಓಡಿದರೆ ಶನಿವಾರಕ್ಕೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಕ್ಲಬ್‌ನ ಫಿಸಿಯೊ ಜಿಮ್ ವಾಕರ್ ಬೇರೆ ದಾರಿ ಹುಡುಕಿದರು. ಉಳಿದವರು ಮೈದಾನದಲ್ಲಿ ಬೆವರು ಸುರಿಸುವಾಗ ಮೆಕ್‌ಗ್ರಾ ಒಳಗೆ ವ್ಯಾಯಾಮದ ಸೈಕಲ್ ತುಳಿಯುವುದು, ಮೈ ಸಡಿಲಿಸಿಕೊಳ್ಳುವುದು, ಇಷ್ಟೇ. ಪಂದ್ಯದ ದಿನ ನೇರವಾಗಿ ಅಂಗಳಕ್ಕೆ. ಜೊತೆಗಾರರು ಇದಕ್ಕೆ ಗೊಣಗಬೇಕಿತ್ತು, ಅಂಥ ಸವಲತ್ತು ಯಾವ ತಂಡದಲ್ಲೂ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ. ಆದರೆ ಶನಿವಾರದ ಆಟ ನೋಡಿದ ಮೇಲೆ ಗೊಣಗುವ ಬಾಯಿ ಎಲ್ಲಿಂದ ಬರಬೇಕು?

ವಾಕರ್ ಕೆಲಸ ಮಂಡಿಗಷ್ಟೇ ನಿಲ್ಲಲಿಲ್ಲ. ಕುಡಿದು ಕಾಣೆಯಾದಾಗ ಹುಡುಕಿ ಕರೆತರುವುದೂ ಅವರ ಪಾಲಿಗೇ ಬರುತ್ತಿತ್ತು. ವಿಲ್ಲಾ ಪರ ಲೀಗ್‌ನಲ್ಲಿ ಮೆಕ್‌ಗ್ರಾ ಆಡಿದ್ದು 253 ಪಂದ್ಯ. ಎಂದೋ ಮುಗಿಯಬೇಕಿದ್ದ ಆಟ ಏಳು ವರ್ಷ ಎಳೆಯಿತೆಂದರೆ ಅದರಲ್ಲಿ ಈ ಫಿಸಿಯೊ ಪಾಲು ಅರ್ಧದಷ್ಟಾದರೂ ಇದೆ ಎಂಬುದು ನನ್ನ ಲೆಕ್ಕ. ಅಭಿಮಾನಿಗಳು ಮಾತ್ರ ಲೆಕ್ಕಕ್ಕೆ ಹೋಗದೆ ಮೆಕ್‌ಗ್ರಾಗೆ ‘ದೇವರು’ ಎಂದೇ ಹೆಸರಿಟ್ಟರು.

ವಿಲ್ಲಾದಲ್ಲಿ ಕಪ್ ಬಂತಾ?

ಎರಡು ಲೀಗ್ ಕಪ್. (ಹೆಸರು ಹಾಗಿದ್ದರೂ ಇದು ಲೀಗ್ ಪಟ್ಟವಲ್ಲ, ಸೋತವರು ಹೊರಬೀಳುವ ಬೇರೆಯೇ ಪಂದ್ಯಾವಳಿ.) 1994ರಲ್ಲಿ ವೆಂಬ್ಲಿಯಲ್ಲಿ ಯುನೈಟೆಡ್ ವಿರುದ್ಧ 3-1. ಆ ವರ್ಷ ಯುನೈಟೆಡ್ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಗೆದ್ದಿತು, ದೇಶದೊಳಗಿನ ದೊಡ್ಡ ಕಪ್‌ಗಳಲ್ಲಿ ಕೈತಪ್ಪಿದ್ದು ಇದೊಂದೇ. ಆಟ ಬಿಡು ಎಂದ ಕ್ಲಬ್ಬಿಗೆ ಇದಕ್ಕಿಂತ ಚೆನ್ನಾದ ಉತ್ತರ ಇರಲಾರದು. 1996ರಲ್ಲಿ ಲೀಡ್ಸ್ ವಿರುದ್ಧ 3-0 ಗೆದ್ದಾಗ ಅವರಿಗೆ 36. ಮೂವರು ಡಿಫೆಂಡರ್‌ಗಳ ಸಾಲಿನಲ್ಲಿ ಪಕ್ಕದಲ್ಲಿದ್ದವರು ಉಗೊ ಎಹಿಯೋಗು ಮತ್ತು ಗ್ಯಾರೆತ್ ಸೌತ್‌ಗೇಟ್. ಆಮೇಲೆ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆದರಲ್ಲ, ಅದೇ ಸೌತ್‌ಗೇಟ್.

ಹಸಿರು ಅಂಗಿಯಲ್ಲಿ

ಡಿಫೆಂಡರ್ ಅಂತೀರಿ, ಐರ್ಲೆಂಡ್‌ಗೆ ಮಿಡ್‌ಫೀಲ್ಡ್‌ನಲ್ಲಿ ಆಡಿದ್ದನ್ನ ನೋಡಿದೀನಲ್ಲ?

ಸರಿಯಾಗಿಯೇ ನೋಡಿದ್ದೀರಿ. ಮೊದಲ ಪಂದ್ಯ 1985ರ ಫೆಬ್ರುವರಿಯಲ್ಲಿ ಇಟಲಿ ಎದುರು, ಡಬ್ಲಿನ್‌ನ ಡೇಲಿಮೌಂಟ್ ಪಾರ್ಕ್‌ನಲ್ಲಿ. ಮರುವರ್ಷ ಜ್ಯಾಕ್ ಚಾರ್ಲ್ಟನ್ ಮ್ಯಾನೇಜರ್ ಆಗಿ ಬಂದರು. 1966ರಲ್ಲಿ ಇಂಗ್ಲೆಂಡ್ ಪರ ವಿಶ್ವಕಪ್ ಗೆದ್ದ ಡಿಫೆಂಡರ್ ಅವರು. ಅವರ ತಂತ್ರ ಸರಳ: ಚೆಂಡನ್ನು ಎದುರಾಳಿಯ ಫುಲ್‌ಬ್ಯಾಕ್‌ಗಳ, ಅಂದರೆ ಎರಡು ಬದಿಯ ಡಿಫೆಂಡರ್‌ಗಳ, ಬೆನ್ನ ಹಿಂದಕ್ಕೆ ಎತ್ತಿ ಹಾಕು, ಅಲ್ಲೇ ಮುತ್ತಿಗೆ ಹಾಕು, ಉಸಿರಾಡಲು ಬಿಡಬೇಡ. ಹಿಂದೆ ನಿಲ್ಲಲು ಮಿಕ್ ಮೆಕಾರ್ಥಿ, ಮೊರಾನ್ ಇದ್ದರು. ಅವರ ಮುಂದೆ ಬಂದ ಚೆಂಡನ್ನೆಲ್ಲ ನುಂಗಿಬಿಡುವ ಗಟ್ಟಿಗ ಬೇಕಾಗಿದ್ದ. ಆ ಜಾಗ ಮೆಕ್‌ಗ್ರಾಗೆ ಸಿಕ್ಕಿತು. 1988ರ ಯುರೋದಲ್ಲಿ (ಯುರೋಪಿನ ದೇಶಗಳ ಪಂದ್ಯಾವಳಿ) ಸ್ಟುಟ್‌ಗಾರ್ಟ್‌ನಲ್ಲಿ ಇಂಗ್ಲೆಂಡನ್ನು 1-0 ಸೋಲಿಸಿದ್ದೂ, ಇಟಲಿಯ 1990ರ ವಿಶ್ವಕಪ್ಪೂ ಹೀಗೇ.

1990ರ ಲೆಕ್ಕ ವಿಚಿತ್ರವಾದದ್ದು. ಇಂಗ್ಲೆಂಡ್ ಎದುರು 1-1, ಈಜಿಪ್ಟ್ ಎದುರು 0-0, ನೆದರ್‌ಲೆಂಡ್ಸ್ ಎದುರು 1-1, ರೊಮೇನಿಯಾ ಎದುರು 0-0 ಆಗಿ ಪೆನಾಲ್ಟಿಯಲ್ಲಿ ಗೆಲುವು. ಆಮೇಲೆ ರೋಮ್‌ನಲ್ಲಿ ಇಟಲಿಗೆ 0-1ರಿಂದ ಶರಣು. ಐದು ಪಂದ್ಯ, ಎರಡು ಗೋಲು, ಆಟದೊಳಗೆ ಒಂದೂ ಗೆಲುವಿಲ್ಲ, ಆದರೂ ಕ್ವಾರ್ಟರ್ ಫೈನಲ್! ಕಣ್ಣಿಗೆ ಹಬ್ಬವಾಗುವ ಆಟ ಅದಾಗಿರಲಿಲ್ಲ. ಆದರೆ ಐದು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಮೂರೇ ಗೋಲು ಎಂಬುದನ್ನೂ ಎಣಿಸಿ.

ನೆಲ್ಸನ್ ಮಂಡೇಲಾ ಕಥೆ ನಿಜವಾ?

1990ರ ಜುಲೈ 1ರಂದು ತಂಡ ಇಟಲಿಯಿಂದ ಡಬ್ಲಿನ್‌ಗೆ ಮರಳಿತು. ಜೈಲಿನಿಂದ ಬಿಡುಗಡೆಯಾಗಿ ಕೆಲವೇ ತಿಂಗಳಾಗಿದ್ದ ಮಂಡೇಲಾ ಬಂದಿಳಿದದ್ದೂ ಅಂದೇ. ಅವರನ್ನು ಕಂಡ ಜನ ‘ಊ, ಆ, ಪಾಲ್ ಮೆಗ್ರಾನ ಅಪ್ಪ’ ಎಂದು ಹಾಡಿದರಂತೆ. ಡಬ್ಲಿನ್‌ನವರು ಇವತ್ತಿಗೂ ಇದನ್ನು ನಗುತ್ತ ಹೇಳುತ್ತಾರೆ. ಅದರಲ್ಲಿ ಪ್ರೀತಿಯೇ ಹೆಚ್ಚು, ಒಪ್ಪುತ್ತೇನೆ. ಆದರೆ ತಂದೆಯನ್ನೇ ಕಾಣದೆ ಬೆಳೆದವನ ಹೆಸರಿನಲ್ಲಿ ಈ ಹಾಡು ಎಂದು ನೆನೆದಾಗ ನನಗೆ ನಗು ಅರ್ಧಕ್ಕೇ ನಿಲ್ಲುತ್ತದೆ.

1994ರಲ್ಲಿ ಬ್ಯಾಜಿಯೊನ ಕಟ್ಟಿಹಾಕಿದ ಪಂದ್ಯ ಅಂತಾರಲ್ಲ, ಅಂಥದ್ದೇನಾಯ್ತು?

ಜೂನ್ 18, ನ್ಯೂಜೆರ್ಸಿಯ ಜಯಂಟ್ಸ್ ಸ್ಟೇಡಿಯಂ. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಇಟಲಿ ಪರ ರಾಬರ್ಟೊ ಬ್ಯಾಜಿಯೊ, ಹಿಂದಿನ ವರ್ಷವಷ್ಟೇ ಯುರೋಪಿನ ವರ್ಷದ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪಡೆದವರು. ಐರ್ಲೆಂಡ್ ಪರ 34ರ ಮೆಕ್‌ಗ್ರಾ. ಮಂಡಿ ಕಥೆ ಇದ್ದದ್ದೇ, ಸಾಲದ್ದಕ್ಕೆ ವೈರಸ್ ಸೋಂಕಿನಿಂದ ಎಡಗೈ ಭುಜದಿಂದ ಸರಿಯಾಗಿ ಏಳುತ್ತಿರಲಿಲ್ಲ. ಜೊತೆಗೆ ನಿಂತ ಫಿಲ್ ಬ್ಯಾಬ್ ತಂಡಕ್ಕೆ ಹೊಸಬರು.

11ನೇ ನಿಮಿಷ. ಇಟಲಿಯ ಫ್ರಾಂಕೊ ಬರೇಸಿ ತಲೆಯಿಂದ ಹೊರಗಟ್ಟಲು ನೋಡಿದ ಚೆಂಡು ಸಾಕಷ್ಟು ದೂರ ಹೋಗದೆ ರೇ ಹೌಟನ್ ಎದೆಗೆ ಬಂತು. ಅವರು ಅದನ್ನು ಗೋಲ್‌ಕೀಪರ್ ಜಾನ್‌ಲೂಕಾ ಪಾಲ್ಯೂಕಾ ತಲೆ ಮೇಲಿಂದ ಹಾರಿಸಿದರು. 1-0. ಉಳಿದ 79 ನಿಮಿಷ ಇಟಲಿ ಬಂದು ಬಡಿಯಿತು, ಮೆಕ್‌ಗ್ರಾ ತಿರುಗಿಸಿ ಕಳಿಸಿದರು. ಒಂದೇ ದಾಳಿಯಲ್ಲಿ ಮೇಲಿಂದ ಮೇಲೆ ತಡೆ: ತಲೆಯಿಂದ ಒಮ್ಮೆ, ಕಾಲಿನಿಂದ ಒಮ್ಮೆ, ಕೊನೆಗೆ ಬ್ಯಾಜಿಯೊ ಹೊಡೆತಕ್ಕೆ ಮುಖವನ್ನೇ ಒಡ್ಡಿದರು. ಎದ್ದು ನಿಂತು ತನ್ನ ಜಾಗಕ್ಕೆ ನಡೆದರು, ಅಷ್ಟೇ. ಅದೇ ಬ್ಯಾಜಿಯೊ ಮುಂದಿನ ಸುತ್ತುಗಳಲ್ಲಿ ಗೋಲಿನ ಮೇಲೆ ಗೋಲು ಹೊಡೆದು ಇಟಲಿಯನ್ನು ಫೈನಲ್‌ಗೆ ಒಯ್ದರು. ಆ ದಿನ ಮಾತ್ರ ಏನೂ ನಡೆಯಲಿಲ್ಲ.

ಈ ಪಂದ್ಯದ ನೆನಪಿಗೆ ಅಂಟಿಕೊಂಡ ಒಂದು ಕರಾಳ ಸಂಗತಿಯನ್ನೂ ಹೇಳಬೇಕು. ಅದೇ ಸಂಜೆ ಉತ್ತರ ಐರ್ಲೆಂಡಿನ ಲಾಕಿನೈಲಂಡ್ ಹಳ್ಳಿಯ ಪಬ್‌ನಲ್ಲಿ ಈ ಆಟ ನೋಡುತ್ತ ಕೂತಿದ್ದವರ ಮೇಲೆ ಬಂದೂಕುಧಾರಿಗಳು ಗುಂಡು ಹಾರಿಸಿದರು. ಆರು ಜನ ಸತ್ತರು. 2012ರ ಯುರೋದಲ್ಲಿ ಅದೇ ಜೂನ್ 18ರಂದು ಐರ್ಲೆಂಡ್ ಮತ್ತೆ ಇಟಲಿಯ ಎದುರಾದಾಗ ಐರಿಷ್ ಆಟಗಾರರು ತೋಳಿಗೆ ಕಪ್ಪುಪಟ್ಟಿ ಕಟ್ಟಿದ್ದು ಅವರ ನೆನಪಿಗೆ.

ಇನ್ನಷ್ಟು ಒಳಕ್ಕೆ

ಕುಡಿಯದೇ ಇದ್ದಿದ್ರೆ ಇನ್ನೂ ದೊಡ್ಡ ಆಟಗಾರ ಆಗ್ತಿದ್ರು, ಹೌದು ತಾನೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ನನಗೆ ಅತಿ ಕಡಿಮೆ ಇಷ್ಟವಾದದ್ದೂ ಇದೇ. ಕುಡಿತವನ್ನು ಮೆಕ್‌ಗ್ರಾ ಮುಚ್ಚಿಟ್ಟಿಲ್ಲ. 2006ರಲ್ಲಿ ಬಂದ ಆತ್ಮಕಥೆಯಲ್ಲಿ ಎಲ್ಲವನ್ನೂ ಹರವಿಟ್ಟಿದ್ದಾರೆ: ಅಮಲಿನಲ್ಲೇ ಕೆಲವು ಪಂದ್ಯ ಆಡಿದ್ದು, ಐರ್ಲೆಂಡ್ ಪಂದ್ಯಗಳ ಹೊತ್ತಿಗೆ ನಾಪತ್ತೆಯಾದದ್ದು, ವಿಲ್ಲಾ ಸೇರಿದ ಹೊಸತರಲ್ಲಿ ಜೀವ ಕಳೆದುಕೊಳ್ಳಲು ಹೊರಟದ್ದು. ಆಗ ಮ್ಯಾನೇಜರ್ ಗ್ರಹಾಂ ಟೇಲರ್ ಅವರನ್ನು ಕೈಬಿಡಲಿಲ್ಲ. ಚಾರ್ಲ್ಟನ್ ಕೂಡ ಗದರುವ ಬದಲು ಪತ್ರಕರ್ತರಿಗೆ ಮಂಡಿನೋವಿನ ನೆಪ ಹೇಳಿ ಕಾಪಾಡುತ್ತಿದ್ದರು.

ಆದರೆ ‘ಕುಡಿಯದಿದ್ದರೆ’ ಎನ್ನುವವರು ಕುಡಿತವನ್ನು ಚಟವೆಂದು ಪಕ್ಕಕ್ಕೆ ತೆಗೆದಿಟ್ಟು ಉಳಿದ ಮನುಷ್ಯನನ್ನು ಹಾಗೇ ಇಟ್ಟುಕೊಳ್ಳಲು ನೋಡುತ್ತಾರೆ. ಮೊದಲ ಗುಟುಕಿಗಿಂತ ಬಹಳ ಮೊದಲೇ ಅವರಲ್ಲಿ ಭಯ, ಸಂಕೋಚ, ಜನರೆದುರು ನಿಲ್ಲಲಾಗದ ತಳಮಳ ಇತ್ತು. ಮೈದಾನದ ಗೆರೆಯೊಳಗೆ ಮಾತ್ರ ಅದು ಇರಲಿಲ್ಲ. ಅಷ್ಟು ಆಡಿದ್ದು ಇದೆಲ್ಲವನ್ನೂ ಹೊತ್ತುಕೊಂಡೇ. ಆಗದೇ ಹೋದದ್ದರ ಪಟ್ಟಿ ಮಾಡುವುದಕ್ಕಿಂತ ಆದದ್ದನ್ನು ಸರಿಯಾಗಿ ನೋಡುವುದು ಮೇಲು.

ಓಡಲಾಗದವರು ವೇಗದ ಸ್ಟ್ರೈಕರ್‌ಗಳನ್ನ ಹೇಗೆ ತಡೀತಿದ್ರು?

ಓಡುವ ಅಗತ್ಯವೇ ಬರದಂತೆ ನೋಡಿಕೊಳ್ಳುತ್ತಿದ್ದರು. ಪಾಸ್ ಹೊರಡುವ ಮೊದಲೇ, ಪಾಸ್ ಕೊಡುವವನ ಸೊಂಟ ತಿರುಗಿದ ದಿಕ್ಕಿನಲ್ಲೇ ಅದು ಎಲ್ಲಿಗೆ ಎಂದು ಅಂದಾಜು ಕಟ್ಟುವುದು, ಎರಡು ಹೆಜ್ಜೆ ಮುಂಚೆ ಅಲ್ಲಿಗೆ ಸರಿಯುವುದು. ಸ್ಟ್ರೈಕರ್ ತಲೆ ಎತ್ತುವಷ್ಟರಲ್ಲಿ ದಾರಿಯಲ್ಲಿ ಈತ ಇರುತ್ತಾರೆ. ಸೀದಾ ನುಗ್ಗಲು ಬಿಡದೆ, ಅವನನ್ನು ಪಕ್ಕದ ಗೆರೆಯ ಕಡೆಗೋ ಒಗ್ಗದ ಕಾಲಿನ ಕಡೆಗೋ ತಳ್ಳುತ್ತ ಹೋಗುತ್ತಿದ್ದರು. ನೆಲಕ್ಕೆ ಬಿದ್ದು ಜಾರುವ ಟ್ಯಾಕಲ್ ಗ್ಯಾಲರಿಗೆ ಇಷ್ಟ, ಇವರಿಗೆ ಅದು ಕೊನೆಯ ಉಪಾಯ. ಬಿದ್ದರೆ ಏಳಬೇಕಲ್ಲ, ಆ ಮಂಡಿಯಲ್ಲಿ! ಚೆಂಡು ಸಿಕ್ಕ ಮೇಲೆ ಸಿಕ್ಕಾಪಟ್ಟೆ ಒದೆಯುವ ಅಭ್ಯಾಸವೂ ಇರಲಿಲ್ಲ, ಎದೆಯಲ್ಲಿ ಇಳಿಸಿಕೊಂಡು ಹತ್ತಿರದವರಿಗೆ ಕೊಟ್ಟುಬಿಡುತ್ತಿದ್ದರು.

ಮಂಡಿ ಗಟ್ಟಿಯಿದ್ದಿದ್ದರೆ ಈ ವಿದ್ಯೆ ಇಷ್ಟು ಹರಿತವಾಗುತ್ತಿತ್ತೇ ಎಂದು ಎಷ್ಟೋ ಸಲ ಅನ್ನಿಸಿದೆ.

ಬರೇಸಿ, ಮಾಲ್ಡಿನಿ ಸಾಲಿಗೆ ಸೇರಿಸಬಹುದಾ?

ಒಂದು ಪಂದ್ಯದ ಮಟ್ಟಿಗೆ, ಖಂಡಿತ. ಜಯಂಟ್ಸ್ ಸ್ಟೇಡಿಯಂನಲ್ಲಿ ಆ ಇಬ್ಬರೂ ಎದುರಿನ ತಂಡದಲ್ಲಿದ್ದರು, ಮೈದಾನದ ಅತ್ಯುತ್ತಮ ಡಿಫೆಂಡರ್ ಐರಿಷ್ ಕಡೆಯವರು. ಇಡೀ ವೃತ್ತಿಬದುಕು ಎಂದರೆ ಹೋಲಿಕೆ ಹೊಂದುವುದಿಲ್ಲ. ಅವರಿಬ್ಬರಿಗೂ ಮಿಲಾನ್‌ನಂಥ ಕ್ಲಬ್ ಇತ್ತು, ವರ್ಷಗಟ್ಟಲೆ ಒಟ್ಟಿಗೆ ನಿಂತ ನಾಲ್ವರ ಗೋಡೆಯಿತ್ತು, ಯುರೋಪಿಯನ್ ಕಪ್‌ಗಳಿದ್ದವು. ಮೆಕ್‌ಗ್ರಾ ಲೀಗ್ ಪಟ್ಟದ ಪದಕ ಒಂದನ್ನೂ ಗೆಲ್ಲಲಿಲ್ಲ.

ಕೊನೆಗೆ ಆಟ ಬಿಟ್ಟಿದ್ದು ಯಾವಾಗ?

1996ರಲ್ಲಿ ವಿಲ್ಲಾ ಬಿಟ್ಟು ಡರ್ಬಿ ಕೌಂಟಿಗೆ ಹೋದರು, ಒಂದು ಸೀಸನ್ ಪ್ರೀಮಿಯರ್ ಲೀಗ್‌ನಲ್ಲೇ ಆಡಿದರು. ಐರ್ಲೆಂಡ್ ಪರ ಕೊನೆಯ ಪಂದ್ಯ 1997ರಲ್ಲಿ ವೇಲ್ಸ್ ಎದುರು. ಆಮೇಲೆ ಶೆಫೀಲ್ಡ್ ಯುನೈಟೆಡ್‌ನಲ್ಲಿ ಕೆಲವೇ ಪಂದ್ಯ. 1998ರಲ್ಲಿ ಮಂಡಿ ಪೂರ್ತಿ ಕೈಕೊಟ್ಟಿತು. ಆಟ ಬಿಡಲು ಲಕ್ಷ ಪೌಂಡ್ ಮುಂದಿಟ್ಟ ದಿನದಿಂದ ಒಂಬತ್ತು ವರ್ಷ.

ಒಂದೇ ಒಂದು ಪಂದ್ಯ ನೋಡಬೇಕು ಅಂದ್ರೆ ಯಾವುದು?

1994ರ ಇಟಲಿ ಪಂದ್ಯವೇ. ಮುಖ್ಯಾಂಶ ಬೇಡ, ಅದರಲ್ಲಿ ಹೌಟನ್ ಗೋಲು ಕಾಣುತ್ತದೆಯೇ ಹೊರತು ಡಿಫೆಂಡರ್ ನಿಂತ ಜಾಗ ಕಾಣುವುದಿಲ್ಲ. ಪೂರ್ತಿ 90 ನಿಮಿಷ ಹಾಕಿಕೊಂಡು, ಮೊದಲ ಅರ್ಧ ಗಂಟೆ ಚೆಂಡನ್ನು ಮರೆತುಬಿಡಿ. 5ನೇ ನಂಬರಿನ ಅಂಗಿಯ ಮೇಲೆ ಕಣ್ಣಿಟ್ಟು ಕೂರಿ. ಎಡಗೈ ಪಕ್ಕಕ್ಕೆ ಜೋತಂತೆ ಇರುತ್ತದೆ, ಹೆಚ್ಚು ಹೊತ್ತು ಸುಮ್ಮನೆ ನಡೆದಾಡುತ್ತಿರುತ್ತಾರೆ.